ಎರಡು ಮಾಪಕ, ಎರಡು ಲೆಕ್ಕ

ಗಾಳಿ ಫ್ಯಾನಿನ ನೆತ್ತಿ ಮೇಲೆ ನಿಂತರೆ ಚಿತ್ರದುರ್ಗ ಯಾವ ಎರಡು ದಿಕ್ಕಿಗೂ ಒಂದೇ ಥರ ಕಾಣುವುದಿಲ್ಲ. ಒಂದು ಕಡೆ ಕೋಟೆಯ ಬಂಡೆಗಳು. ಇನ್ನೊಂದು ಕಡೆ ಜೋಗಿಮಟ್ಟಿ ಕಾಡು. ಪೂರ್ವಕ್ಕೆ ತಿರುಗಿದರೆ ಚಳ್ಳಕೆರೆ ಕಡೆಯ ಬಯಲು, ಶೇಂಗಾ ಹೊಲ. ಹದಿಮೂರು ವರ್ಷದಿಂದ ಈ ಫ್ಯಾನುಗಳ ರಿಪೇರಿಯೇ ನನ್ನ ಕೆಲಸ. ದಿಕ್ಕೇ ನಮಗೆ ಅನ್ನ. ಆಷಾಢದ ಗಾಳಿ ಪಶ್ಚಿಮದಿಂದ ಎದ್ದರೆ ಮೋಟಾರು ಫ್ಯಾನಿನ ತಲೆಯನ್ನು ಅತ್ತ ತಿರುಗಿಸುತ್ತದೆ. ಸರಿಯಾಗಿ ತಿರುಗದಿದ್ದರೆ ಕರೆಂಟು ಕಮ್ಮಿ.

ಹೀಗಾಗಿ, ದಿಕ್ಕೇ ಇಲ್ಲದ ಒಂದು ಸಂಗತಿ ಇದೆ ಅಂತ ಓದಿದಾಗ ನಿದ್ದೆ ಬರಲಿಲ್ಲ. 1964ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಪೆನ್ಜಿಯಾಸ್ ಮತ್ತು ವಿಲ್ಸನ್ ಎಂಬ ವಿಜ್ಞಾನಿಗಳು ದೊಡ್ಡ ಕಹಳೆಯಂಥ ಆಂಟೆನಾ ಇಟ್ಟುಕೊಂಡು ಕೂತಿದ್ದರು. ಅದರಲ್ಲಿ ಒಂದು ಸಣ್ಣ ಗುಂಯ್ ಸದ್ದು. ಎತ್ತ ತಿರುಗಿಸಿದರೂ ಅಷ್ಟೇ. ಒಳಗೆ ಗೂಡು ಕಟ್ಟಿದ್ದ ಪಾರಿವಾಳ ಓಡಿಸಿದರು, ಹಿಕ್ಕೆ ತೊಳೆದರು. ಸದ್ದು ಹೋಗಲಿಲ್ಲ. ರಿಪೇರಿ ಮಾಡುವವನಿಗೆ ಆ ಸಂಕಟ ಗೊತ್ತು. ಎಲ್ಲ ಬಿಚ್ಚಿ ಒರೆಸಿ ಜೋಡಿಸಿದ ಮೇಲೂ ಅದೇ ಸದ್ದು ಬಂದರೆ, ಅದು ಯಂತ್ರದ್ದಲ್ಲ. ಅದು ವಿಶ್ವದ್ದಾಗಿತ್ತು. ವಿಶ್ವಕ್ಕೆ ಸುಮಾರು 3.8 ಲಕ್ಷ ವರ್ಷ ಆಗಿದ್ದಾಗ ಹೊರಟ ಬೆಳಕು ಈಗ ತಣ್ಣಗಾಗಿ, ಮೈನಸ್ 270 ಡಿಗ್ರಿಯ ಕಾವಾಗಿ ಎಲ್ಲ ಕಡೆಯಿಂದಲೂ ಬರುತ್ತಿದೆ.

ಆದರೆ ನಿಖರವಾಗಿ ಅಳೆದಾಗ ಅದೂ ಪೂರ್ತಿ ಒಂದೇ ಥರ ಇಲ್ಲ. ಸಿಂಹ ರಾಶಿಯ ಕಡೆ ಡಿಗ್ರಿಯ ಸಾವಿರದಲ್ಲಿ ಮೂರು ಪಾಲಿಗಿಂತ ತುಸು ಜಾಸ್ತಿ ಬಿಸಿ. ಅದರ ಎದುರು, ಕುಂಭ ರಾಶಿಯ ಕಡೆ, ಅಷ್ಟೇ ತಂಪು. ಎಲೆ ಅಲುಗದ ಸಂಜೆ ಹೊಳಲ್ಕೆರೆ ರಸ್ತೆಯಲ್ಲಿ ಬೈಕ್ ಓಡಿಸಿ ನೋಡಿ. ಮುಖಕ್ಕೆ ಗಾಳಿ ಬಡಿಯುತ್ತದೆ, ಅಲ್ವಾ? ಅದು ಊರಿನ ಗಾಳಿಯಲ್ಲ, ನಿಮ್ಮ ಓಟದ ಗಾಳಿ. ಇದೂ ಹಾಗೇ ಅಂತಾರೆ. ಸೂರ್ಯನ ಜೊತೆ ನಾವು ಸೆಕೆಂಡಿಗೆ 370 ಕಿಲೋಮೀಟರ್ ವೇಗದಲ್ಲಿ ಅತ್ತ ಹೋಗುತ್ತಿದ್ದೇವೆ. ಆ ಓಟದ ಪಾಲನ್ನು ಕಳೆದರೆ ಉಳಿಯುವುದು ಲಕ್ಷಕ್ಕೆ ಒಂದರಷ್ಟು ಸಣ್ಣ ಏರುಪೇರು. ಅದನ್ನು ಕೋಬ್ ಉಪಗ್ರಹ 1992ರಲ್ಲಿ ತೋರಿಸಿತು.

ನನ್ನನ್ನು ಕಾಡುವುದು ಇದರ ಮುಂದಿನದು. ನಾವು ನಿಜಕ್ಕೂ ಓಡುತ್ತಿದ್ದರೆ ಅದು ಬೇರೆ ಕಡೆಯೂ ಕಾಣಬೇಕು. ಮಳೆಯಲ್ಲಿ ಬೈಕ್ ಓಡಿಸಿದರೆ ಹನಿಗಳು ಎದುರಿನಿಂದಲೇ ಬಂದಂತೆ ಅನ್ನಿಸುತ್ತದೆ, ಎದೆ ಒದ್ದೆ, ಬೆನ್ನು ಅಷ್ಟಾಗಿ ನೆನೆಯುವುದಿಲ್ಲ. ಹಾಗೆಯೇ ಹೋಗುವ ದಿಕ್ಕಿನಲ್ಲಿ ದೂರದ ಬೆಳಕುಗಳು ತುಸು ಒತ್ತಾಗಿ, ತುಸು ಪ್ರಖರವಾಗಿ ಕಾಣಬೇಕು. ಎಣಿಸಿ ನೋಡಿ ಅಂತ 1984ರಲ್ಲೇ ಎಲ್ಲಿಸ್ ಮತ್ತು ಬಾಲ್ಡ್‌ವಿನ್ ಎಂಬ ವಿಜ್ಞಾನಿಗಳು ಹೇಳಿದ್ದರು. ಸೆಕ್ರೆಸ್ಟ್ ಮತ್ತು ಜೊತೆಗಾರರು ವೈಸ್ ಉಪಗ್ರಹದ ಚಿತ್ರಗಳಿಂದ 13.6 ಲಕ್ಷ ಕ್ವೇಸಾರ್‌ಗಳನ್ನು ಎಣಿಸಿ 2021ರಲ್ಲಿ ಲೆಕ್ಕ ಕೊಟ್ಟರು. ಕ್ವೇಸಾರ್ ಅಂದರೆ ದೂರದ ಗ್ಯಾಲಕ್ಸಿಯೊಂದರ ನಡುಮಧ್ಯದಲ್ಲಿ, ದೈತ್ಯ ಕಪ್ಪುಕುಳಿಯ ಸುತ್ತ ಉರಿಯುವ ಬೆಳಕು. ದಿಕ್ಕು ಹೆಚ್ಚುಕಡಿಮೆ ಹೊಂದಿತು. ಪ್ರಮಾಣ ಹೊಂದಲಿಲ್ಲ. 370 ಕಿಲೋಮೀಟರ್ ವೇಗಕ್ಕೆ ಎಣಿಕೆಯಲ್ಲಿ ಸಾವಿರಕ್ಕೆ 7ರಷ್ಟು ಇರಬೇಕಾದ ವ್ಯತ್ಯಾಸ 15ರಷ್ಟು ಬಂತು.

ಫ್ಯಾನಿನ ಮೇಲೆ ನಾವು ಎರಡು ಗಾಳಿಮಾಪಕ ಇಡುವುದೇ ಇದಕ್ಕೆ. ಎರಡೂ ಬೇರೆ ಬೇರೆ ಹೇಳಿದರೆ ಯಾರಾದರೂ 80 ಮೀಟರ್ ಹತ್ತಿ ನೋಡಲೇಬೇಕು. ನಾನು ಮೊದಲು ಅನುಮಾನಪಡುವುದು ಮಾಪಕವನ್ನೇ, ಗಾಳಿಯನ್ನಲ್ಲ. ಇಲ್ಲೂ ನನ್ನ ಮನಸ್ಸು ಅತ್ತಲೇ ವಾಲುತ್ತದೆ. ನಮ್ಮ ಗ್ಯಾಲಕ್ಸಿಯ ಧೂಳು ಎಣಿಕೆ ಕೆಡಿಸಿರಬಹುದು. ಆದರೆ ಆಕಾಶದ ಆ ಧೂಳಿನ ಭಾಗವನ್ನು ಸೆಕ್ರೆಸ್ಟ್ ತಂಡದವರು ಬಿಟ್ಟೇ ಎಣಿಸಿದ್ದಾರೆ. ಇಂಥದ್ದು ಸುಮ್ನೆ ಆಕಸ್ಮಿಕವಾಗಿ ಬರುವ ಸಾಧ್ಯತೆ 20 ಲಕ್ಷಕ್ಕೆ ಒಂದು. ಆಕಾಶದಲ್ಲಿ ರೇಡಿಯೋ ಅಲೆ ಸೂಸುವ ಆಕರಗಳನ್ನು ಎಣಿಸಿದ ಬೇರೆಯವರಿಗೂ ಜಾಸ್ತಿಯೇ ಸಿಕ್ಕಿದೆ. ಮಾಪಕ ಸರಿ ಇದ್ದರೆ ವಿಶ್ವವೇ ಒಂದು ಕಡೆ ಕೊಂಚ ವಾಲಿದೆ ಅಂತ ಆಗುತ್ತದೆ. ಎಲ್ಲ ದಿಕ್ಕೂ ಒಂದೇ ಅಂತ ನಂಬಿ ಹಾಕಿದ ಲೆಕ್ಕಗಳನ್ನೆಲ್ಲ ಮತ್ತೆ ಹಾಕಬೇಕಾಗುತ್ತದೆ.

ಏಪ್ರಿಲ್‌ನಲ್ಲಿ ರಾತ್ರಿ ಒಂಬತ್ತರ ಹೊತ್ತಿಗೆ ಸಿಂಹ ರಾಶಿ ನೆತ್ತಿಗೆ ಬಂದಿರುತ್ತದೆ. ಬೆಟ್ಟ ಇಳಿಯುವಾಗ ತಿರುವಿನಲ್ಲಿ ಬೈಕ್ ನಿಲ್ಲಿಸಿ ಹೆಡ್‌ಲೈಟ್ ಆರಿಸುತ್ತೇನೆ. ಮುಖದ ಮೇಲಿನ ಗಾಳಿ ನಿಲ್ಲುತ್ತದೆ. ಮಖಾ ನಕ್ಷತ್ರ ಹುಡುಕಿ, ಅಲ್ಲಿಂದ ಕಣ್ಣನ್ನು ತುಸು ದಕ್ಷಿಣಕ್ಕೆ, ತುಸು ಪೂರ್ವಕ್ಕೆ ಸರಿಸುತ್ತೇನೆ. ನಾವು ಹೋಗುತ್ತಿರುವುದು ಅತ್ತಲೇ. ಸೆಕೆಂಡಿಗೆ 370 ಕಿಲೋಮೀಟರ್, ಮೊದಲನೇ ಮಾಪಕ ಸರಿ ಇದ್ದರೆ.