ನನಗೆ ಬರೆದ ಮಾತ್ರೆ ಅಮ್ಮನಿಗೇಕೆ ಬೇಡ

ಭುಜದ ಸ್ನಾಯು ಹಿಡಿದು ಕೈ ಎತ್ತಲಾಗದೆ ಒದ್ದಾಡುತ್ತಿದ್ದ ನಾನು, ಮಂಡಿ ಊದಿ ಮೆಟ್ಟಿಲಿಳಿಯಲು ಕಷ್ಟಪಡುತ್ತಿದ್ದ ಅಮ್ಮ, ಇಬ್ಬರೂ ಒಂದೇ ದಿನ ಒಬ್ಬರೇ ವೈದ್ಯರ ಬಳಿಗೆ ಹೋಗಿದ್ದೆವು. ನನಗೆ ಐಬುಪ್ರೊಫೆನ್ ಮಾತ್ರೆ ಬರೆದುಕೊಟ್ಟ ವೈದ್ಯರು, ಅದೇ ಮಾತ್ರೆಯನ್ನು ಅಮ್ಮನಿಗೆ ಕೊಡಲು ಒಪ್ಪಲಿಲ್ಲ. "ನಿನಗೆ ಬರೆದಿದ್ದರಲ್ಲೇ ನನಗೂ ಒಂದೆರಡು ಕೊಟ್ಟರೆ ಸಾಕಲ್ಲ" ಎಂದು ಅಮ್ಮ ನನ್ನ ಕಡೆ ತಿರುಗಿ ಹೇಳಿದ್ದು ಅವರ ಕಿವಿಗೆ ಬಿತ್ತು. ಅವರು ಚೀಟಿ ಬರೆಯುವುದನ್ನು ನಿಲ್ಲಿಸಿ, ಅಮ್ಮನ ಮಾತ್ರೆಗಳ ಡಬ್ಬಿಯನ್ನು ಮೇಜಿನ ಮೇಲೆ ತೆರೆದಿಡಲು ಹೇಳಿದರು.

ನನ್ನ ಸರದಿ ಬೇಗ ಮುಗಿದಿತ್ತು. ಹಿಂದೆ ಎಂದಾದರೂ ಹೊಟ್ಟೆಯಲ್ಲಿ ಹುಣ್ಣಾಗಿತ್ತೇ, ಆಸ್ಪಿರಿನ್ ನುಂಗಿದ ಮೇಲೆ ಉಬ್ಬಸ ಬಂದದ್ದುಂಟೇ, ಮೂತ್ರಪಿಂಡದ ತೊಂದರೆ ಇದೆಯೇ, ಬೇರೆ ಯಾವ ಔಷಧ ನಡೆಯುತ್ತಿದೆ, ಮದ್ಯಪಾನದ ಅಭ್ಯಾಸವಿದೆಯೇ ಎಂದು ಅವರು ಕೇಳಿದ್ದಕ್ಕೆಲ್ಲ ಇಲ್ಲವೆಂದೇ ಉತ್ತರಿಸಿದ್ದೆ. 400 ಮಿಲಿಗ್ರಾಂ ಮಾತ್ರೆಯನ್ನು ಊಟದ ನಂತರ ದಿನಕ್ಕೆ ಮೂರು ಬಾರಿ, ಅದೂ ಕೆಲವೇ ದಿನ ತೆಗೆದುಕೊಳ್ಳಬೇಕು, ನೋವು ಇಳಿದರೆ ಅದಕ್ಕೂ ಮೊದಲೇ ನಿಲ್ಲಿಸಬೇಕು ಎಂದರು. ವೈದ್ಯರ ಸಲಹೆಯಿಲ್ಲದೆ ತೆಗೆದುಕೊಳ್ಳುವವರಿಗೆ ದಿನಕ್ಕೆ 1200 ಮಿಲಿಗ್ರಾಂ ಮೇಲಿನ ಮಿತಿ. ನನಗೆ ಬರೆದದ್ದು ಸರಿಯಾಗಿ ಅಷ್ಟೇ ಆಗುತ್ತಿತ್ತು. ಮಾತ್ರೆಯಿಂದ ನೋವು ತಗ್ಗಿತೆಂದು ಪೆಟ್ಟಾದ ಭುಜದ ಮೇಲೆ ಭಾರ ಹೊರಿಸಬಾರದೆಂಬ ಎಚ್ಚರಿಕೆಯನ್ನೂ ಸೇರಿಸಿದರು.

ಅಮ್ಮನ ಡಬ್ಬಿಯಲ್ಲಿ ರಕ್ತದೊತ್ತಡಕ್ಕೆಂದು ರಾಮಿಪ್ರಿಲ್ ಇತ್ತು. ಅದರ ಜೊತೆಗೆ, ದೇಹದ ಹೆಚ್ಚುವರಿ ಉಪ್ಪು ನೀರನ್ನು ಮೂತ್ರದ ಮೂಲಕ ಹೊರಹಾಕುವ ಇನ್ನೊಂದು ಮಾತ್ರೆಯಿತ್ತು. ತಳದಲ್ಲಿ, ಯಾವಾಗಲೋ ಹಲ್ಲುನೋವಿಗೆ ತಂದು ಉಳಿದಿದ್ದ ಒಂದು ತುಂಡು ಸ್ಟ್ರಿಪ್ ಸಿಕ್ಕಿತು. ಕತ್ತರಿಸುವಾಗ ಹೆಸರಿನ ಮೊದಲರ್ಧವೂ ಅವಧಿ ಮುಗಿಯುವ ದಿನಾಂಕವೂ ಹೋಗಿಬಿಟ್ಟಿದ್ದವು. ವೈದ್ಯರು ಅದನ್ನು ಬೆಳಕಿಗೆ ಹಿಡಿದು, ಬೆಳ್ಳಿ ಹಾಳೆಯ ಅಂಚಿನಲ್ಲಿ ಉಳಿದಿದ್ದ "ಫೆನಾಕ್" ಎಂಬ ಅಕ್ಷರಗಳನ್ನು ಓದಿ, "ಇದು ಡೈಕ್ಲೊಫೆನಾಕ್ ಇಲ್ಲವೇ ಅಸೆಕ್ಲೊಫೆನಾಕ್ ಇರಬೇಕು. ಯಾವುದಾದರೂ ಐಬುಪ್ರೊಫೆನ್ ಇರುವ ಗುಂಪಿನದ್ದೇ. ಇದನ್ನೂ ಐಬುಪ್ರೊಫೆನ್ ಅನ್ನೂ ಒಟ್ಟಿಗೆ ನುಂಗಿದರೆ ನೋವು ಇಮ್ಮಡಿಯಾಗಿ ಇಳಿಯುವುದಿಲ್ಲ, ಅಪಾಯ ಮಾತ್ರ ಹೆಚ್ಚುತ್ತದೆ" ಎಂದು ಅದನ್ನು ಬೇರೆಯಾಗಿ ಎತ್ತಿಟ್ಟರು. ಹೆಸರು ಬೇರೆ, ಬಣ್ಣ ಬೇರೆ ಎಂಬ ಕಾರಣಕ್ಕೆ ಒಂದೇ ಗುಂಪಿನ ಎರಡು ಮಾತ್ರೆಗಳು ಒಬ್ಬರೇ ರೋಗಿಯ ಹೊಟ್ಟೆ ಸೇರುವುದನ್ನು ತಾವು ಆಗಾಗ ಕಾಣುವುದಾಗಿ ಅವರು ಹೇಳಿದರು.

ನಂತರ ಅವರು ಕೊಟ್ಟ ವಿವರಣೆ ನನ್ನ ಮನಸ್ಸಿನಲ್ಲಿ ಗಟ್ಟಿಯಾಗಿ ನಿಂತಿದೆ. ಪೆಟ್ಟು ಬಿದ್ದ ಅಥವಾ ಸವೆದ ಕೀಲಿನಲ್ಲಿ ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕಗಳು ಹೆಚ್ಚಾಗಿ ತಯಾರಾಗಿ, ಅಲ್ಲಿ ಊತವನ್ನೂ ನೋವನ್ನೂ ಬೆಳೆಸುತ್ತವೆ. ಆಸ್ಪಿರಿನ್ ಮತ್ತು ಅದರ ಬಳಗದ ಔಷಧಗಳು ಈ ತಯಾರಿಕೆಯನ್ನೇ ತಡೆಯುತ್ತವೆ ಎಂಬುದನ್ನು ಬ್ರಿಟನ್ನಿನ ವಿಜ್ಞಾನಿ ಜಾನ್ ವೇನ್ 1971ರಲ್ಲಿ ತೋರಿಸಿಕೊಟ್ಟರು. 1982ರ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡ ಮೂವರಲ್ಲಿ ಅವರೂ ಒಬ್ಬರು. ತೊಡಕಿರುವುದು ಇಲ್ಲಿಯೇ. ಮಂಡಿಯಲ್ಲಿ ನೋವು ಕೊಡುವ ಈ ರಾಸಾಯನಿಕಗಳೇ ಜಠರದ ಒಳಪದರವನ್ನು ಆಮ್ಲದಿಂದ ಕಾಯುವ ಲೋಳೆಯನ್ನು ಉಳಿಸುತ್ತವೆ, ಮೂತ್ರಪಿಂಡಕ್ಕೆ ರಕ್ತ ಒಯ್ಯುವ ಸಣ್ಣ ನಾಳಗಳು ತೆರೆದಿರಲು ನೆರವಾಗುತ್ತವೆ. ನುಂಗಿದ ಮಾತ್ರೆ ರಕ್ತದಲ್ಲಿ ಬೆರೆತು ಇಡೀ ದೇಹವನ್ನು ಸುತ್ತುವುದರಿಂದ, ಮಂಡಿಯಲ್ಲಿ ಮಾಡುವ ಕೆಲಸವನ್ನೇ ಅದು ಜಠರದಲ್ಲೂ ಮೂತ್ರಪಿಂಡದಲ್ಲೂ ಮಾಡುತ್ತದೆ.

ಅಮ್ಮನ ವಿಷಯದಲ್ಲಿ ವೈದ್ಯರಿಗೆ ಹೆಚ್ಚು ಚಿಂತೆಯಿದ್ದದ್ದು ಮೂತ್ರಪಿಂಡದ ಬಗ್ಗೆ. ನೀರು ಹೊರಹಾಕುವ ಮಾತ್ರೆ ರಕ್ತದಲ್ಲಿನ ದ್ರವವನ್ನು ಕಡಿಮೆ ಮಾಡುತ್ತದೆ. ರಾಮಿಪ್ರಿಲ್ ಮೂತ್ರಪಿಂಡದ ಶೋಧಕಗಳಿಂದ ರಕ್ತ ಹೊರಹೋಗುವ ನಾಳವನ್ನು ಸಡಿಲಗೊಳಿಸುತ್ತದೆ. ಇವೆರಡರ ಮೇಲೆ ಐಬುಪ್ರೊಫೆನ್ ಬಂದು ರಕ್ತ ಒಳಬರುವ ನಾಳವನ್ನೂ ಕಿರಿದಾಗಿಸಿದರೆ, ಶೋಧನೆಗೆ ಬೇಕಾದ ಒತ್ತಡವೇ ಕುಸಿಯಬಹುದು. ವಯಸ್ಸಾದವರಲ್ಲಿ, ಅದರಲ್ಲೂ ವಾಂತಿ ಭೇದಿಯಾಗಿ ದೇಹದ ನೀರು ಬತ್ತಿದ ಹೊತ್ತಿನಲ್ಲಿ, ಈ ಮೂರೂ ಸೇರಿದರೆ ಮೂತ್ರಪಿಂಡ ಹಠಾತ್ತನೆ ಕೈಕೊಡುವ ಸಾಧ್ಯತೆಯಿದೆ. ಸಾಲದ್ದಕ್ಕೆ, ಈ ಗುಂಪಿನ ಔಷಧಗಳು ದೇಹದಲ್ಲಿ ಉಪ್ಪು ನೀರನ್ನು ಉಳಿಸಿಕೊಂಡು ರಕ್ತದೊತ್ತಡವನ್ನು ಏರಿಸುವುದರಿಂದ, ಅಮ್ಮ ದಿನವೂ ನುಂಗುವ ಬಿಪಿ ಮಾತ್ರೆಯ ಕೆಲಸಕ್ಕೇ ಅಡ್ಡಿಯಾಗುತ್ತವೆ. ಇಷ್ಟನ್ನೂ ಅವರು ಚೀಟಿಯ ಹಿಂಬದಿಯಲ್ಲಿ ಒಂದು ಚಿತ್ರ ಬಿಡಿಸಿ ಅಮ್ಮನಿಗೆ ತೋರಿಸಿದರು. ಬೇಡವೆಂದು ಹೇಳಿ ಕಳುಹಿಸುವುದು ಸುಲಭ; ಏಕೆ ಬೇಡವೆಂದು ರೋಗಿಗೆ ಅರ್ಥವಾಗುವವರೆಗೆ ಹೇಳುವ ವೈದ್ಯರ ಬಗ್ಗೆ ನನಗೆ ಬಹಳ ಗೌರವವಿದೆ.

ಹೊಟ್ಟೆಗೆ ತೊಂದರೆ ಕೊಡದ ಹೊಸ ಬಗೆಯ ಮಾತ್ರೆಗಳಿವೆಯಂತಲ್ಲ ಎಂದು ನಾನು ವಿಚಾರಿಸಿದೆ. ಇಟೊರಿಕಾಕ್ಸಿಬ್, ಸೆಲೆಕಾಕ್ಸಿಬ್‌ನಂಥವು ಜಠರಕ್ಕೆ ತುಸು ಸೌಮ್ಯವೆಂಬುದು ನಿಜವಾದರೂ ಮೂತ್ರಪಿಂಡದ ಅಪಾಯ ಅವುಗಳಿಂದಲೂ ತಪ್ಪುವುದಿಲ್ಲ, ಹೃದಯದ ವಿಷಯದಲ್ಲಂತೂ ಹೆಚ್ಚಿನ ಎಚ್ಚರ ಬೇಕು ಎಂದರು. ಇದೇ ಬಗೆಯ ರೋಫೆಕಾಕ್ಸಿಬ್ ಎಂಬ ಔಷಧವನ್ನು, ದೀರ್ಘಕಾಲ ಬಳಸಿದವರಲ್ಲಿ ಹೃದಯಾಘಾತ ಮತ್ತು ಪಾರ್ಶ್ವವಾಯು ಹೆಚ್ಚಿದ್ದು ಕಂಡುಬಂದ ಕಾರಣ 2004ರಲ್ಲಿ ಮಾರುಕಟ್ಟೆಯಿಂದ ಹಿಂತೆಗೆದುಕೊಳ್ಳಲಾಯಿತು. ಆಮ್ಲ ತಗ್ಗಿಸುವ ಮಾತ್ರೆಯನ್ನು ಜೊತೆಗೆ ಕೊಟ್ಟರೂ ಅದು ಕಾಯುವುದು ಜಠರವನ್ನೇ ಹೊರತು ಮೂತ್ರಪಿಂಡವನ್ನಲ್ಲ. ಹೃದಯಕ್ಕೆಂದು ಸಣ್ಣ ಪ್ರಮಾಣದ ಆಸ್ಪಿರಿನ್ ತೆಗೆದುಕೊಳ್ಳುವವರು ಐಬುಪ್ರೊಫೆನ್ ಬಳಸುವ ಮುನ್ನ ವೈದ್ಯರನ್ನು ಕೇಳಲೇಬೇಕೆಂದೂ ಅವರು ತಿಳಿಸಿದರು. ಐಬುಪ್ರೊಫೆನ್ ಮೊದಲು ಹೋಗಿ ಕುಳಿತರೆ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಆಸ್ಪಿರಿನ್ನಿನ ಕೆಲಸ ಕೆಡಬಹುದು.

ಕೊನೆಗೆ ಅಮ್ಮನಿಗೆ ಅವರು ಬರೆದದ್ದು ಡೈಕ್ಲೊಫೆನಾಕ್ ಜೆಲ್. ಅದೂ ಅದೇ ಗುಂಪಿನ ಔಷಧವೇ, ಆದರೆ ಚರ್ಮದ ಮೂಲಕ ರಕ್ತ ಸೇರುವ ಪಾಲು ಮಾತ್ರೆಗೆ ಹೋಲಿಸಿದರೆ ತೀರಾ ಕಡಿಮೆ. ಹಾಗಾಗಿ ಮಂಡಿ, ಕೈಬೆರಳಿನಂಥ ಚರ್ಮಕ್ಕೆ ಹತ್ತಿರವಿರುವ ಕೀಲುಗಳಿಗೆ ಅದು ಒಳ್ಳೆಯ ಆಯ್ಕೆ. ಗಾಯವಿರುವ ಜಾಗಕ್ಕೆ ಹಚ್ಚಬಾರದು, ಹಚ್ಚಿದ ಮೇಲೆ ಬಿಗಿಯಾಗಿ ಪಟ್ಟಿ ಸುತ್ತಬಾರದು, ಬಿಸಿ ಶಾಖ ಕೊಡಬಾರದು, ಕೈ ತೊಳೆಯದೆ ಕಣ್ಣು ಮುಟ್ಟಬಾರದು ಎಂದು ಒಂದೊಂದಾಗಿ ತಿಳಿಸಿ, ಜೆಲ್ ಹಚ್ಚುವ ಅವಧಿಯಲ್ಲೂ ಆ ಗುಂಪಿನ ಮಾತ್ರೆ ನುಂಗಕೂಡದೆಂದರು. ತೀರಾ ನೋವಿದ್ದ ದಿನಕ್ಕೆ ಪ್ಯಾರಾಸಿಟಮಾಲ್ ಬರೆದರು. ನೆಗಡಿ ಜ್ವರದ ಅನೇಕ ಮಾತ್ರೆಗಳಲ್ಲಿ ಅದು ಮೊದಲೇ ಸೇರಿರುವುದರಿಂದ ಪ್ರಮಾಣ ಮೀರಿದರೆ ಯಕೃತ್ತಿಗೆ ಹಾನಿಯೆಂಬ ಮಾತನ್ನೂ ಒತ್ತಿ ಹೇಳಿದರು. ಮೂತ್ರಪಿಂಡ ಹೇಗೆ ಕೆಲಸ ಮಾಡುತ್ತಿದೆಯೆಂದು ತಿಳಿಸುವ ಕ್ರಿಯಾಟಿನಿನ್ ಪರೀಕ್ಷೆಗೆ ಅಂದೇ ಅಮ್ಮನ ರಕ್ತ ಕೊಟ್ಟು ಬಂದೆವು.

ನನಗೆ ಪ್ರತ್ಯೇಕವಾಗಿ ಹೇಳಿದ್ದು ಇಷ್ಟು: ಮಲ ಡಾಂಬರಿನಂತೆ ಕಪ್ಪಾದರೆ, ರಕ್ತ ಅಥವಾ ಕಾಫಿಪುಡಿಯಂಥ ವಾಂತಿಯಾದರೆ, ಮುಖ ಊದಿದರೆ, ಉಸಿರು ಕಟ್ಟಿದರೆ, ಎದೆ ಹಿಡಿದರೆ ಮುಂದಿನ ಮಾತ್ರೆಯನ್ನು ಮುಟ್ಟದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಜಠರದ ಹುಣ್ಣು ಎಷ್ಟೋ ಬಾರಿ ನೋವೇ ಇಲ್ಲದೆ ರಕ್ತ ಸೋರಿಸುವುದರಿಂದ, ಹೊಟ್ಟೆನೋವು ಬಂದಾಗ ನೋಡಿಕೊಳ್ಳೋಣವೆಂದು ಕಾಯುವಂತಿಲ್ಲ.

ಅಮ್ಮನ ಕ್ರಿಯಾಟಿನಿನ್ ಸರಿಯಾಗಿಯೇ ಬಂತು. ಆದರೂ ವೈದ್ಯರು ತಮ್ಮ ನಿಲುವು ಬದಲಿಸಲಿಲ್ಲ. ಜೆಲ್ ಹಚ್ಚಿದ ಮೊದಲ ದಿನಗಳಲ್ಲಿ, ಇದರಿಂದ ಏನಾದೀತು ಎಂಬ ಅಸಮಾಧಾನ ಅವಳಲ್ಲಿತ್ತು. ನಿಯಮ ತಪ್ಪದೆ ಹಚ್ಚುತ್ತ ಹೋದಂತೆ ಊತ ಇಳಿಯಿತು, ನೋವು ಪೂರ್ತಿ ಹೋಗದಿದ್ದರೂ ಮೆಟ್ಟಿಲಿಳಿಯುವಷ್ಟು ತಗ್ಗಿತು. ಈಗ ಅವಳು ನೋವು ಕಡಿಮೆಯಿರುವ ಬೆಳಗಿನ ಹೊತ್ತಿನಲ್ಲಿ ಬೆನ್ನ ಮೇಲೆ ಮಲಗಿ, ಕಾಲನ್ನು ನೇರವಾಗಿ ತುಸು ಎತ್ತಿ ಹಿಡಿದು ಇಳಿಸುವ ವ್ಯಾಯಾಮ ಮಾಡುತ್ತಾಳೆ. ತೊಡೆಯ ಸ್ನಾಯು ಬಲವಾದಷ್ಟೂ ಮಂಡಿಯ ಮೇಲಿನ ಹೊರೆ ಕಡಿಮೆಯಾಗುತ್ತದೆ ಎಂದು ವೈದ್ಯರು ಹೇಳಿದ್ದಾರೆ. ಜೆಲ್ ಹಚ್ಚುವ ಸಲವನ್ನು ನಿಧಾನವಾಗಿ ಇಳಿಸಬಹುದೇ ಎಂಬುದನ್ನು ಮುಂದಿನ ಭೇಟಿಯಲ್ಲಿ ನೋಡಿ ತಿಳಿಸುವವರಿದ್ದಾರೆ.