ಮುಖ್ಯ ಅತಿಥಿಗೆ ಖಾರ ಕಮ್ಮಿ

ಕೊಡಗಿನ ಸಿದ್ದಾಪುರದ ಕಡೆ ಒಂದು ಕಾಫಿ ತೋಟದಲ್ಲಿ ನಾನು ರೈಟರ್. ಕಥೆ ಬರೆಯುವ ರೈಟರ್ ಅಲ್ಲ. ಚೆಕ್‌ರೋಲ್ (ಅಂದರೆ ಆಳುಗಳ ಹಾಜರಿ ಪುಸ್ತಕ), ತೂಕ, ಬಟವಾಡೆ ಬರೆಯುವವನು. ತೋಟದಲ್ಲಿ ಯಾವ ಸಮಾರಂಭವಾದರೂ ಶಾಮಿಯಾನದಿಂದ ಬಾಳೆಎಲೆಯವರೆಗೆ ನನ್ನ ತಲೆಗೇ.

2025ರ ಮಾರ್ಚ್‌ನಲ್ಲಿ ರೊಬಸ್ಟಾ ಕೊಯ್ಲು ಮುಗಿಯಿತು. ‘ಈ ಸಲ ಎಲ್ಲರೂ ಒಟ್ಟಿಗೆ ಊಟ ಮಾಡೋಣ, ಮೇಡಂ ಮುಖ್ಯ ಅತಿಥಿ’ ಅಂದರು ಮಾಲೀಕರು. ಮೇಡಂ ಕೊಲಂಬಿಯಾದವರು. ಕಾಫಿ ಹಣ್ಣನ್ನು ಹದವಾಗಿ ಹುಳಿಬರಿಸಿ ಒಣಗಿಸುವುದನ್ನು ಹೇಳಿಕೊಡಲು ಬಂದು ನಾಲ್ಕು ತಿಂಗಳು ನಮ್ಮಲ್ಲೇ ಇದ್ದರು. ಅವರ ದೇಶದಲ್ಲಿ ಬೆಳೆಯುವುದು ಅರೇಬಿಕಾ, ಹಲವು ಕಡೆ ವರ್ಷಕ್ಕೆರಡು ಕೊಯ್ಲು. ಇಲ್ಲಿ ನೆರಳಿನ ಮರ, ಅದಕ್ಕೆ ಹಬ್ಬಿದ ಕಾಳುಮೆಣಸು ನೋಡಿ ಮೊದಲ ವಾರವೆಲ್ಲ ಕತ್ತೆತ್ತಿಕೊಂಡೇ ಓಡಾಡಿದ್ದರು.

ಅವರು ಏನು ತಿನ್ನುತ್ತಾರೆಂದು ಮೂರು ಸಲ ಕೇಳಿದೆ. ಪಂದಿ ಕರಿ (ಹಂದಿ ಸಾರು), ಅದರ ಜೊತೆಗಿನ ಅಕ್ಕಿ ಕಡುಬು ಕಡಂಬುಟ್ಟು ಎಲ್ಲ ಆಗುತ್ತದೆ ಅಂದರು. ಆದರೂ ಅವರಿಗೆಂದು ಖಾರ ಕಮ್ಮಿ ಹಾಕಿದ ಪಾತ್ರೆಯೇ ಬೇರೆ. ಕೊಯ್ಲಿಗೆ ಬಂದಿದ್ದ ಅಸ್ಸಾಮಿನ ಹುಡುಗರು ಹಂದಿ ಮುಟ್ಟುವುದಿಲ್ಲವೆಂದು ಕೋಳಿ ಸಾರು ಬೇರೆ. ಇಷ್ಟೆಲ್ಲ ಯೋಚಿಸಿದೆನಲ್ಲ ಎಂದು ಒಳಗೊಳಗೇ ಬೀಗಿದ್ದೆ.

ಭಾನುವಾರ ಹನ್ನೊಂದಕ್ಕೆ ಕಣದಲ್ಲಿ ಕಾರ್ಯಕ್ರಮ. ಸಿಮೆಂಟ್ ಕಣ ಕಾವಲಿಯಂತೆ ಕಾದಿತ್ತು. ಎರವರ ಹಾಡಿಯವರ ದುಡಿ, ವಾಲಗ, ತಮಿಳು ಮೇಸ್ತ್ರಿಯ ಮಗಳ ಹಾಡು. ಆಮೇಲೆ ಸನ್ಮಾನ: ಶಾಲು, ಮೈಸೂರು ಪೇಟ, ಹಣ್ಣಿನ ಬುಟ್ಟಿ, ಏಲಕ್ಕಿ ಹಾರ. (ಏಲಕ್ಕಿ ಬೆಳೆಯುವವರು ನಾವು, ಹಾರ ತರಿಸಿದ್ದು ಹಾವೇರಿಯಿಂದ!) ಮೇಡಂ ಬೆವರುತ್ತಲೇ ನಕ್ಕರು.

ಒಂದು ಗಂಟೆಗೆ ಊಟ. ಮೇಡಂ ತಟ್ಟೆ ಹಿಡಿದು ಶಾಮಿಯಾನದ ಅಂಚಿನಲ್ಲಿ ಕೂತಿದ್ದ ಹುಡುಗರ ಹತ್ತಿರ ಹೋದರು. ಅವರ ಮುಂದೆ ಎಲೆ ಇಲ್ಲ, ನೀರೂ ಇಲ್ಲ. ಒಬ್ಬ ಕೈಮುಗಿದು ‘ರೋಜಾ’ ಅಂದ. ಹೂ ಕೇಳುತ್ತಿದ್ದಾನೇನೋ ಎಂದು ನಾನು ಪೆದ್ದುಪೆದ್ದಾಗಿ ಹಾರದ ಕಡೆ ನೋಡಿದೆ. ರಂಜಾನ್ ಉಪವಾಸಕ್ಕೆ ನಮ್ಮ ಕಡೆ ನೋಂಬು ಅನ್ನುತ್ತಾರೆ ನೋಡಿ, ತಲೆಗೆ ಹೋಗಲಿಲ್ಲ. ಹೋದಾಗ ಕಾಲ ಕೆಳಗಿನ ಕಣ ಇನ್ನಷ್ಟು ಸುಟ್ಟಿತು. ಅವತ್ತು ಎಂಟನೇ ನೋಂಬು. ದಿನಾ ಚೆಕ್‌ರೋಲ್‌ನಲ್ಲಿ ಅವರ ಹೆಸರು ಬರೆಯುವವನು ನಾನೇ.

‘ಮೊದಲೇ ಹೇಳಬಾರದಿತ್ತೇನೋ?’

‘ಬರದಿದ್ರೆ ಹಾಜರಿ ಇಲ್ಲ ಅಂದ್ರಿ, ರೈಟ್ರೇ.’

ಹೌದು, ಅಂದಿದ್ದೆ. ಹಿಂದಿನ ಸಂಜೆ ತಕ್ಕಡಿ ಹತ್ತಿರ ನಿಂತು, ಜನ ಸೇರಲಿ ಅಂತ.

ಮೇಡಂ ಭಾಷಣ ಬಿಗಿಯಲಿಲ್ಲ. ಸೂರ್ಯ ಮುಳುಗುವುದು ಎಷ್ಟಕ್ಕೆ ಎಂದಷ್ಟೇ ಕೇಳಿದರು. ಆರೂವರೆ ದಾಟಿ ಅಂದೆ. ಅಡುಗೆಯ ಅಕ್ಕನ ಹತ್ತಿರ ತಲೆ ಕೆರೆದುಕೊಂಡು ಹೋದರೆ, ‘ಕೋಳಿ ಸಾರು ಹಂಗೇ ಅದೆಯಲ್ಲ, ಒಲೆ ಹಚ್ಚಿದ್ರಾಯ್ತು. ನೀವು ಪೇಟೆಗೆ ಹೋಗಿ ಖರ್ಜೂರ ತನ್ನಿ’ ಅಂದರು. ಹೋದೆ.

ಈಗ ಊಟದ ದಿನ ಗೊತ್ತುಮಾಡುವ ಮೊದಲು ಆಳುಗಳ ಲೈನ್ ಮನೆಗೆ ಹೋಗಿ ಕೇಳುತ್ತೇನೆ. ಏನು ತಿನ್ನುತ್ತೀರಿ ಎಂದಲ್ಲ, ಯಾವ ಹೊತ್ತಿಗೆ ಎಂದು. ರಂಜಾನ್ ವರ್ಷಕ್ಕೆ ಹತ್ತು–ಹನ್ನೊಂದು ದಿನ ಹಿಂದೆ ಸರಿಯುತ್ತದೆ. ಇನ್ನೂ ಕೆಲವು ವರ್ಷ ಅದು ಬೀಳುವುದು ನಮ್ಮ ಕೊಯ್ಲಿನ ನಡುವೆಯೇ. ಹಾಜರಿಯ ಬೆದರಿಕೆಯನ್ನಂತೂ ಬಿಟ್ಟೆ.

ಅವತ್ತು ಸಂಜೆ ಮೇಡಂ ಸನ್ಮಾನದ ಬುಟ್ಟಿಯ ಜರಿ ಕಾಗದ ಹರಿದು, ಸೇಬು ಹೆಚ್ಚಿ, ಗೋಣಿಚೀಲದ ಮೇಲೆ ಹುಡುಗರ ಜೊತೆ ಕೂತರು. ಅವರ ಇಂಗ್ಲಿಷು, ನನ್ನ ಹರಕು ಹಿಂದಿ. ಮೇಡಂ ಅಜ್ಜನೂ ಕಾಫಿ ಹಣ್ಣು ಕೊಯ್ಯಲು ಊರೂರು ಅಲೆದವನಂತೆ. ಇಲ್ಲಿಗೆ ಬರಲು ಮೇಡಂಗೆ ವಿಮಾನದಲ್ಲಿ ಎರಡು ದಿನ. ಹುಡುಗರಿಗೆ ರೈಲು, ಬಸ್ಸು, ಜೀಪು ಸೇರಿ ನಾಲ್ಕು.

ಆಗ ಒಬ್ಬ ಕೇಳಿದ: ‘ನಿಮ್ಮಲ್ಲಿ ಕೊಯ್ಲಿಗೆ ಕೆ.ಜಿ.ಗೆ ಎಷ್ಟು ಕೊಡ್ತಾರೆ?’

ಮೇಡಂ ಅವರ ದುಡ್ಡಿನಲ್ಲಿ ಹೇಳಿದರು. ರೂಪಾಯಿಗೆ ತಿರುಗಿಸುವ ಕೆಲಸ ನನ್ನದು. ಮಾಲೀಕರು ಪಕ್ಕದಲ್ಲೇ ನಿಂತಿದ್ದರು. ನಾನು ಬಹಳ ನಿಧಾನವಾಗಿ ಲೆಕ್ಕ ಹಾಕಿದೆ.