ಟ್ರಿಂಕೋಮಲಿ ಮಾದರಿ: ಏಳನೇ ತಿಂಗಳು, ಹಲಗೆ ಹೊದಿಕೆ

ಹೋದ ಭಾನುವಾರ ಎಡಮಗ್ಗುಲಿನ ಹನ್ನೊಂದು ಹಲಗೆಗಳನ್ನು ಕಿತ್ತು ತೆಗೆದೆ. ಮೂರು ವಾರದ ಕೆಲಸ ಅದು. ಯಾಕೆ ಕೀಳಬೇಕಾಯಿತು ಎಂಬುದನ್ನು ಆಮೇಲೆ ಹೇಳುತ್ತೇನೆ, ಅದಕ್ಕೂ ಮೊದಲು ಹೊಸಬರಿಗಾಗಿ ಒಂದೆರಡು ಮಾತು.

ನಾನು ಕಟ್ಟುತ್ತಿರುವುದು ಎಚ್‌ಎಂಎಸ್ ಟ್ರಿಂಕೋಮಲಿ ಎಂಬ ಫ್ರಿಗೇಟ್ (ವೇಗದ ಹಾಯಿ ಯುದ್ಧನೌಕೆ) ಹಡಗಿನ ಮಾದರಿ. ಬ್ರಿಟಿಷ್ ನೌಕಾಪಡೆಗಾಗಿ ಮುಂಬೈಯ ಹಡಗುಕಟ್ಟೆಯಲ್ಲಿ ಜಮ್‌ಶೇಟ್‌ಜೀ ಬೊಮನ್‌ಜೀ ವಾಡಿಯಾ ಮತ್ತು ಅವರ ಬಡಗಿಗಳು ತೇಗದಲ್ಲಿ ಕಟ್ಟಿದ ಹಡಗು ಇದು. 1817ರ ಅಕ್ಟೋಬರ್ 12ರಂದು ನೀರಿಗಿಳಿಯಿತು. ಇನ್ನೂರು ವರ್ಷ ದಾಟಿದ ಮೇಲೂ ಇಂಗ್ಲೆಂಡಿನ ಹಾರ್ಟ್‌ಲ್‌ಪೂಲ್‌ನಲ್ಲಿ ನೀರಿನ ಮೇಲೆಯೇ ಇದೆ. ಇದಕ್ಕಿಂತ ಹಳೆಯದಾದ ಪ್ರಸಿದ್ಧ ‘ವಿಕ್ಟರಿ’ ಪೋರ್ಟ್ಸ್‌ಮತ್‌ನ ಒಣ ಕಟ್ಟೆಯಲ್ಲಿ ನಿಂತಿರುವುದರಿಂದ, ಇನ್ನೂ ತೇಲುತ್ತಿರುವ ಬ್ರಿಟಿಷ್ ಯುದ್ಧನೌಕೆಗಳಲ್ಲಿ ಎಲ್ಲಕ್ಕಿಂತ ಹಳೆಯದು ಇದೇ. ಅದನ್ನು ಕಡಿದು ಕೂಡಿಸಿದ ಕೈಗಳು ನಮ್ಮ ದೇಶದವು. ಈ ವಿಷಯ ತಿಳಿದ ದಿನವೇ ಇದನ್ನು ಕಟ್ಟಬೇಕೆಂದು ನಿರ್ಧರಿಸಿದ್ದೆ.

ಅಳತೆ 1:96, ಅಂದರೆ ಹಡಗಿನ ಒಂದು ಅಡಿಗೆ ಮಾದರಿಯಲ್ಲಿ ಇಂಚಿನ ಎಂಟನೇ ಒಂದು ಭಾಗ. ಬ್ರಿಟಿಷ್ ನೌಕಾಪಡೆಯ ಅಂದಿನ ನಕ್ಷೆಗಳನ್ನು ಅಡಿಗೆ ಕಾಲು ಇಂಚಿನಂತೆ ಬರೆಯುತ್ತಿದ್ದರು, ನಾನು ಅದನ್ನು ಅರ್ಧ ಮಾಡಿಕೊಂಡಿದ್ದೇನೆ ಅಷ್ಟೆ. ಸುಮಾರು 150 ಅಡಿ ಉದ್ದದ ತೋಪಿನ ಅಟ್ಟ ನನ್ನ ಮೇಜಿನ ಮೇಲೆ ಹತ್ತೊಂಬತ್ತು ಇಂಚಿಗೆ ಸ್ವಲ್ಪ ಕಡಿಮೆ. 40 ಅಡಿಯ ಅಗಲ ಐದು ಇಂಚು. ಮುಂಬೈನವರು ಇದರ ತಿರುಗುಮುರುಗು ಮಾಡಬೇಕಿತ್ತು. ಕಾಗದದ ಮೇಲಿನ ಗೆರೆಯನ್ನು 48 ಪಟ್ಟು ಹಿಗ್ಗಿಸಿ, ದೊಡ್ಡ ನೆಲದ ಮೇಲೆ ಪೂರ್ಣ ಅಳತೆಯಲ್ಲಿ ಬರೆದು, ಅದರಿಂದ ಅಚ್ಚು ತೆಗೆದು ಮರ ಕಡಿಯುವುದು. ಕಾಗದದಲ್ಲಿ ಪೆನ್ಸಿಲ್ ಗೆರೆಯಷ್ಟು ತಪ್ಪಿದರೂ ನೆಲದ ಮೇಲೆ ಅದು ಬೆರಳಗಲ ಆಗುತ್ತದೆ.

ಆ ನಕ್ಷೆಗೂ ಒಂದು ಕಥೆಯಿದೆ. ಹಡಗು ಕಟ್ಟಲು ಆದೇಶ ಹೊರಟದ್ದು 1812ರಲ್ಲಿ. ನೆಪೋಲಿಯನ್ ಯುದ್ಧಗಳಿಂದ ಇಂಗ್ಲೆಂಡಿನಲ್ಲಿ ಹಡಗು ಕಟ್ಟುವ ಓಕ್ ಮರಕ್ಕೆ ಬರ ಬಂದಿತ್ತು, ಅದಕ್ಕೇ ಮುಂಬೈಯ ತೇಗ. ನಕ್ಷೆಗಳನ್ನು ಹೊತ್ತು ಮುಂಬೈಗೆ ಬರುತ್ತಿದ್ದ ‘ಜಾವಾ’ ಹಡಗನ್ನು ಅದೇ ಡಿಸೆಂಬರಿನಲ್ಲಿ ಬ್ರೆಜಿಲ್ ತೀರದಾಚೆ ಅಮೆರಿಕದ ‘ಕಾನ್‌ಸ್ಟಿಟ್ಯೂಷನ್’ ಸೋಲಿಸಿತು. ನಕ್ಷೆಗಳು ಹೋದವು. ಇನ್ನೊಂದು ಪ್ರತಿ ಬರುವವರೆಗೆ ಕಾಯಬೇಕಾಯಿತು. ಹಡಗಿನ ಬೆನ್ನೆಲುಬಾದ ಅಡಿಮರ ಇಟ್ಟದ್ದು 1816ರಲ್ಲಿ. ಅಷ್ಟರಲ್ಲಿ ನೆಪೋಲಿಯನ್ ಸೋತ ವಾಟರ್‌ಲೂ ಯುದ್ಧ ಮುಗಿದು ವರ್ಷವಾಗುತ್ತಾ ಬಂದಿತ್ತು. 1819ರ ಏಪ್ರಿಲ್ 30ರಂದು ಪೋರ್ಟ್ಸ್‌ಮತ್ ತಲುಪಿದ ಹೊಸ ಹಡಗಿಗೆ ಮಾಡಲು ಕೆಲಸವೇ ಇರಲಿಲ್ಲ, 1845ರವರೆಗೆ ಮೀಸಲಿನಲ್ಲಿ ಕಟ್ಟಿಹಾಕಿದರು. ಇದೇ ನಮೂನೆಯ ‘ಶಾನನ್’ 1813ರಲ್ಲಿ ಅಮೆರಿಕದ ಹಡಗೊಂದರ ಜೊತೆಗಿನ ಕಾಳಗದಲ್ಲಿ ಹೆಸರು ಮಾಡಿತು, ಕೊನೆಗೆ ಅದನ್ನು ಒಡೆದು ಹಾಕಿದರು. ಕೆಲಸವಿಲ್ಲದೆ ಮಲಗಿದ್ದ ಟ್ರಿಂಕೋಮಲಿ ಉಳಿಯಿತು.

ನನ್ನ ಮಾದರಿಯ ಅಡಿಮರದ ಬಗ್ಗೆ ಮೊದಲ ತಿಂಗಳಲ್ಲೇ ಬರೆಯಬೇಕಿತ್ತು, ಬಿಟ್ಟುಹೋಗಿತ್ತು. ಅಜ್ಜಿಯ ಮನೆ ಕೆಡವಿದಾಗ ಒಂದು ತೇಗದ ಕಿಟಕಿ ಚೌಕಟ್ಟು ತಂದಿಟ್ಟುಕೊಂಡಿದ್ದೆ. ಹೊರಗೆಲ್ಲ ಬೂದುಬಣ್ಣ, ಗೆದ್ದಲು ಮುಟ್ಟಿರಲಿಲ್ಲ. ಗರಗಸ ಹಾಕಿದ ಕೂಡಲೇ ಒಳಗಿನಿಂದ ಜೇನುಬಣ್ಣ ಬಂತು. ಎಣ್ಣೆ ಸವರಿದ ಹಳೆ ಚರ್ಮದಂಥ ವಾಸನೆ ಕೋಣೆಯಲ್ಲಿ ಎರಡು ದಿನ ಇತ್ತು. ಆ ಎಣ್ಣೆಯೇ ತೇಗದ ಗುಟ್ಟು. ಓಕ್ ಮರದ ಹುಳಿ ಕಬ್ಬಿಣದ ಬೋಲ್ಟುಗಳನ್ನು ತಿನ್ನುತ್ತದೆ, ತೇಗ ಕಬ್ಬಿಣವನ್ನು ಕಾಪಾಡುತ್ತದೆ. ಗರಗಸಕ್ಕೆ ಮಾತ್ರ ಕರುಣೆ ತೋರಿಸುವುದಿಲ್ಲ. ಮರದೊಳಗಿನ ಮರಳಿನಂಶಕ್ಕೆ ನನ್ನ ಎರಡು ಬ್ಲೇಡುಗಳ ಹಲ್ಲು ಮೊಂಡಾದವು.

ವಾಡಿಯಾಗಳು ಹಡಗಿನ ಅಡಿಮರ ಇಡುವಾಗ ಪಾರ್ಸಿ ಸಂಪ್ರದಾಯದಂತೆ ಅದಕ್ಕೆ ಬೆಳ್ಳಿಯ ಮೊಳೆಯೊಂದನ್ನು ಹೊಡೆಯುತ್ತಿದ್ದರು. ನಾನೂ ಹೊಡೆದೆ. ಅಮ್ಮನ ಮುರಿದ ಗೆಜ್ಜೆಯ ಕೊಂಡಿಯನ್ನು ನಮ್ಮ ಬೀದಿಯ ಅಕ್ಕಸಾಲಿಗರು ಕಾಯಿಸಿ ಎಳೆದು, ಅಕ್ಕಿಕಾಳಿನಷ್ಟು ಉದ್ದದ ಮೊಳೆ ಮಾಡಿಕೊಟ್ಟರು. ಸೂಜಿಯಿಂದ ತೂತು ಮಾಡಿ, ಅಮ್ಮನ ಕೈಯಲ್ಲೇ ಒತ್ತಿಸಿದೆ. ಈಗ ಅದು ಹಲಗೆಗಳ ಕೆಳಗೆ ಹೋಗಿದೆ, ಯಾರಿಗೂ ಕಾಣುವುದಿಲ್ಲ.

ಆದರೆ ಹೊದಿಕೆಗೆ ತೇಗ ಬಳಸಲಿಲ್ಲ. ತೇಗದ ಹಡಗಿಗೆ ಬೇರೆ ಮರವೇ ಎಂದು ಹಲವರು ಕೇಳಿದರು. ಈ ಅಳತೆಯಲ್ಲಿ ತೇಗದ ಎಳೆ ತೀರಾ ಒರಟು, ಅದರ ಒಂದು ಸಣ್ಣ ರಂಧ್ರವನ್ನು 96 ಪಟ್ಟು ಹಿಗ್ಗಿಸಿದರೆ ಹೆಬ್ಬೆರಳು ತೂರುವಷ್ಟು ತೂತಾಗುತ್ತದೆ. ನುಣುಪಾದ ಮರ ಬೇಕಿತ್ತು. ಚನ್ನಪಟ್ಟಣಕ್ಕೆ ಹೋಗಿ ಆಲೆ ಮರ ತಂದೆ. ಬೊಂಬೆ ಮಾಡುವವರು ಕಡೆಯುವುದು ಇದನ್ನೇ. ಬೆಳ್ಳಗೆ, ದಂತದ ಹಾಗೆ, ಎಳೆ ಕಣ್ಣಿಗೆ ಕಾಣುವುದಿಲ್ಲ. ಮೂರು ಮಿಲಿಮೀಟರ್ ಅಗಲ, ಒಂದು ಮಿಲಿಮೀಟರ್ ದಪ್ಪಕ್ಕೆ ಸೀಳಿಸಿ, ಆಮೇಲೆ ಚಹಾ ಡಿಕಾಕ್ಷನ್‌ನಲ್ಲಿ ನೆನೆಸಿ ತೇಗದ ಬಣ್ಣಕ್ಕೆ ತಂದಿದ್ದೇನೆ. ಮೂರು ಸಲ ಅದ್ದಿದರೆ ಬಣ್ಣ ಸರಿಯಾಗಿ ಕೂರುತ್ತದೆ, ನಾಲ್ಕನೆಯದಕ್ಕೆ ಕಪ್ಪಾಗುತ್ತದೆ.

ಈಗ ಆ ಹನ್ನೊಂದು ಹಲಗೆಗಳ ವಿಷಯ. ಬಲಮಗ್ಗುಲು ಚೆನ್ನಾಗಿ ಬಂದಿತ್ತು. ಎಡಮಗ್ಗುಲಿನಲ್ಲಿ ಒಂಬತ್ತನೇ ಪಕ್ಕೆಯ (ಹಲಗೆಗಳಿಗೆ ಒಳಗಿನಿಂದ ಆಕಾರ ಕೊಡುವ ಅಡ್ಡ ಚೌಕಟ್ಟು) ಹತ್ತಿರ ಬೆಳಕು ಬಿದ್ದಾಗ ಏನೋ ಸರಿಯಿಲ್ಲ ಅನ್ನಿಸುತ್ತಿತ್ತು, ಅಳೆದರೆ ಸಿಗುತ್ತಿರಲಿಲ್ಲ. ನಮ್ಮ ಮನೆಯ ಬಾಗಿಲು ರಿಪೇರಿಗೆ ಬಂದಿದ್ದ ಆಚಾರ್ರಿಗೆ ತೋರಿಸಿದೆ. ಅವರು ನೋಡಲೇ ಇಲ್ಲ. ಕಣ್ಣು ಮುಚ್ಚಿ ಹೆಬ್ಬೆರಳನ್ನು ಮೂತಿಯಿಂದ ಹಿಂದಕ್ಕೆ ಮೆಲ್ಲಗೆ ಎಳೆದರು, ಒಂಬತ್ತನೇ ಪಕ್ಕೆಯ ಮೇಲೆ ನಿಲ್ಲಿಸಿದರು.

‘ಇಲ್ಲಿ ಹೊಟ್ಟೆ ಬಂದಿದೆ ಸಾರ್.’

‘ಮೇಲಿಂದ ಉಜ್ಜಿದರೆ ಹೋಗಲ್ವಾ ಆಚಾರ್ರೇ?’

‘ಉಜ್ಜಿದರೆ ಹಲಗೆ ತೆಳ್ಳಗಾಗ್ತದೆ, ಹೊಟ್ಟೆ ಅಲ್ಲೇ ಇರ್ತದೆ. ಒಳಗಿನ ಪಕ್ಕೆ ಕೆತ್ತಬೇಕು.’

ಕಿತ್ತು ನೋಡಿದರೆ, ಪ್ಲೈವುಡ್ಡಿನ ಪಕ್ಕೆ ಮುಕ್ಕಾಲು ಮಿಲಿಮೀಟರ್ ಹೆಚ್ಚಿಗೆ ನಿಂತಿತ್ತು. ನಿಜವಾದ ಹಡಗಿನಲ್ಲಿ ಅದು ಸುಮಾರು ಮೂರು ಇಂಚು. ಪೂರ್ಣ ಅಳತೆಯ ಪಕ್ಕೆಗಳನ್ನು ಬಾಚಿಯಲ್ಲಿ ಕೆತ್ತಿ ಕೂರಿಸಿದವರನ್ನು ಅವತ್ತು ರಾತ್ರಿಯೆಲ್ಲ ನೆನೆಸಿಕೊಂಡೆ. ಜಮ್‌ಶೇಟ್‌ಜೀ ಕೂಡ ಹಾಗೇ ಶುರು ಮಾಡಿದವರು. ಅವರ ತಾತ ಲವ್‌ಜೀ ನಸರ್‌ವಾನ್‌ಜೀ 1736ರಲ್ಲಿ ಸೂರತ್ತಿನಿಂದ ಮುಂಬೈಗೆ ಬಂದವರು, ಹಡಗುಕಟ್ಟೆಯ ಮುಖ್ಯಸ್ಥರು. ಆದರೂ ಮೊಮ್ಮಕ್ಕಳನ್ನು ತಿಂಗಳಿಗೆ 12 ರೂಪಾಯಿ ಸಂಬಳದ ಸಾಮಾನ್ಯ ಬಡಗಿಗಳಾಗಿ ಕೆಲಸಕ್ಕೆ ಹಾಕಿದರು. ಆ ಮೊಮ್ಮಗನೇ ಮುಂದೆ 74 ತೋಪುಗಳ ‘ಮಿಂಡೆನ್’ ಕಟ್ಟಿ 1810ರಲ್ಲಿ ನೀರಿಗಿಳಿಸಿದ. ಹೀಗೆ ಬೆಳೆದ ಬೆರಳಿಗೂ ನಮ್ಮ ಆಚಾರ್ರ ಬೆರಳಿಗೂ ಹೊಟ್ಟೆ ಬಂದದ್ದು ಒಂದೇ ರೀತಿ ತಿಳಿಯುತ್ತಿರಬೇಕು. ಜಮ್‌ಶೇಟ್‌ಜೀ ಜೊತೆ ಗರಗಸ ಎಳೆದವರ, ಬಿರುಕಿಗೆ ನಾರು ತುಂಬಿದವರ ಹೆಸರುಗಳು ನನಗೆ ಎಲ್ಲೂ ಸಿಕ್ಕಿಲ್ಲ. ಅದು ನನ್ನನ್ನು ತುಂಬ ಕಾಡುತ್ತದೆ.

ಮರ ಕಡಿದವರದ್ದಂತೂ ಇನ್ನೂ ನೋವಿನ ಕಥೆ. ತೇಗ ಬಂದದ್ದು ಮಲಬಾರಿನ ಕಾಡುಗಳಿಂದ. 1806ರಲ್ಲಿ ಕಂಪನಿ ಸರ್ಕಾರ ಕ್ಯಾಪ್ಟನ್ ವಾಟ್ಸನ್ ಎಂಬ ಅಧಿಕಾರಿಯನ್ನು ಅರಣ್ಯಪಾಲಕನನ್ನಾಗಿ ನೇಮಿಸಿ, ಅಲ್ಲಿನ ತೇಗವನ್ನೆಲ್ಲ ತನ್ನ ಏಕಸ್ವಾಮ್ಯಕ್ಕೆ ತೆಗೆದುಕೊಂಡಿತು. ತಮ್ಮ ಕಾಡಿನ ಮರದ ಮೇಲೆ ಅಲ್ಲಿಯವರಿಗೆ ಹಕ್ಕಿಲ್ಲದಾಯಿತು. ಜನರ ಅಸಮಾಧಾನ ಬೆಳೆದು, ಕೊನೆಗೆ 1823ರಲ್ಲಿ ಆ ಹುದ್ದೆಯನ್ನೇ ತೆಗೆದುಹಾಕಿದ್ದು ಮದ್ರಾಸಿನ ಗವರ್ನರ್ ಥಾಮಸ್ ಮನ್ರೋ. ಅದಕ್ಕೂ ಮೊದಲು ನಮ್ಮ ಕೆನರಾದ ಕಲೆಕ್ಟರ್ ಆಗಿದ್ದವನು. ಈ ಹಡಗನ್ನು ಎಷ್ಟು ಮೆಚ್ಚಿಕೊಂಡರೂ ಇದನ್ನು ಬಿಟ್ಟು ಹೇಳಲು ನನಗೆ ಮನಸ್ಸಿಲ್ಲ.

ಹಿಂಭಾಗದ ವಿಚಾರದಲ್ಲಿ ಒಂದು ತೀರ್ಮಾನವಾಗಿದೆ. 1845ರಲ್ಲಿ ತೋಪುಗಳನ್ನು ಕಡಿಮೆ ಮಾಡಿದಾಗ ಹಡಗಿನ ಹಿಂಭಾಗದ ಆಕಾರವನ್ನೂ ಬದಲಾಯಿಸಿದರು. ಈಗ ಸಿಗುವ ಫೋಟೊಗಳಲ್ಲೆಲ್ಲ ಇರುವುದು ಆ ಬದಲಾದ ರೂಪ. ಅದನ್ನು ನೋಡಿಕೊಂಡು ಮಾಡುವುದು ಸುಲಭ. ಆದರೆ ಜಮ್‌ಶೇಟ್‌ಜೀ 1821ರಲ್ಲೇ ತೀರಿಕೊಂಡರು, ಆ ರೂಪವನ್ನು ಅವರು ಕಂಡಿಲ್ಲ. ನಾನು ನಕ್ಷೆ ಹಿಡಿದು 1817ರ ರೂಪವನ್ನೇ ಕಟ್ಟುತ್ತೇನೆ. ಇದರಿಂದ ಕಿಟಕಿಗಳ ಕೆಲಸ ಒಂದು ತಿಂಗಳಾದರೂ ಹೆಚ್ಚುತ್ತದೆ.

ಇವತ್ತಿನ ಸ್ಥಿತಿ: ಒಂಬತ್ತನೇ ಪಕ್ಕೆ ಕೆತ್ತಿ ಆಗಿದೆ. ತೆಳು ಬಿದಿರ ಕಡ್ಡಿಯನ್ನು ಎಂಟರಿಂದ ಹತ್ತಕ್ಕೆ ಬಾಗಿಸಿ ಇಟ್ಟರೆ ಎಲ್ಲೂ ಬೆಳಕು ಹಾಯುವುದಿಲ್ಲ. ಕಿತ್ತ ಹನ್ನೊಂದರಲ್ಲಿ ಏಳು ಹಲಗೆ ಮತ್ತೆ ಬಳಸಬಹುದು, ನಾಲ್ಕು ಸೀಳಿವೆ. ಮೂತಿಯ ಹತ್ತಿರದ ಎರಡು ಹೊಸ ಹಲಗೆಗಳನ್ನು ಬಿಸಿನೀರಲ್ಲಿ ಇಪ್ಪತ್ತು ನಿಮಿಷ ನೆನೆಸಿ ಬಾಗಿಸಿ, ಬಟ್ಟೆ ಒಣಹಾಕುವ ಕ್ಲಿಪ್ಪುಗಳಿಂದ ಬಿಗಿದು ಬಂದಿದ್ದೇನೆ. ನಾಳೆ ಸಂಜೆ ಆಚಾರ್ರು ಬರುತ್ತೇನೆಂದಿದ್ದಾರೆ. ಅವರು ಹೆಬ್ಬೆರಳು ಎಳೆದು ನೋಡಿದ ಮೇಲೆಯೇ ಅಂಟು ಹಾಕುವುದು.